ತಿರುಪಿನ ಹೊನ್ನೂರಪ್ಪ ಮತ್ತು ಎರಡು ಕೆಂಪು ಗೆರೆ

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ಬಸ್ಸಿನಿಂದ ಇಳಿದವರ ಮೂಗಿಗೆ ಮೊದಲು ಬಡಿಯುವುದೇ ತೌಡಿನ ಬೆಚ್ಚನೆಯ ವಾಸನೆ. ಆದರೆ ತಿರುಪಿನ ಹೊನ್ನೂರಪ್ಪ ಇರುವುದು ಒಂದೇ ಗಿರಣಿಯಲ್ಲಿ, ವಿರೂಪಾಕ್ಷಪ್ಪ ಸಾಹುಕಾರರ ಗಿರಣಿಯಲ್ಲಿ. ಐವತ್ತಾರು ವರ್ಷ, ದಪ್ಪ ಕುತ್ತಿಗೆ, ಚೀಲ ಹೊತ್ತು ಹೊತ್ತು ಬಲಕ್ಕೆ ಕೊಂಚ ಇಳಿದ ಹೆಗಲು, ಮತ್ತು ಒಂದು ಗಳಿಗೆ ಸುಮ್ಮನಿರಲು ಬಾರದ ಎರಡು ಕೈ.

ಆ ಕೈಗಳ ವಿಚಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲಿ ಫ್ಯಾನು ಮೂರರಲ್ಲಿ ತಿರುಗುತ್ತಿದ್ದರೆ ಅವನು ನಾಲ್ಕಕ್ಕೆ ಏರಿಸುತ್ತಾನೆ. ಗಾಳಿ ಜಾಸ್ತಿಯಾಯಿತೆಂದು ಎರಡಕ್ಕೆ ಇಳಿಸುತ್ತಾನೆ. ಸೆಕೆಯಾಯಿತೆಂದು ಮತ್ತೆ ನಾಲ್ಕು. ಒಲೆಯ ಮೇಲಿದ್ದ ಸಾರಿಗೆ ಉಪ್ಪು ಹಾಕಿ, ಉಪ್ಪಾಯಿತೆಂದು ನೀರು ಹಾಕಿ, ನೀರಾಯಿತೆಂದು ಖಾರ ಹಾಕಿ, ಇಬ್ಬರಿಗೆ ಮಾಡಿದ ಸಾರನ್ನು ಓಣಿಗೆಲ್ಲ ಹಂಚುವಷ್ಟು ಮಾಡಿಟ್ಟ ದಿನವೂ ಉಂಟು. ಅವನ ಹೆಂಡತಿ ಸುಂಕಮ್ಮ ಕುರುಗೋಡಿನ ಹೆಣ್ಣು, ಬಾಯಿ ಜೋರು. ಒಂದು ದಿನ ಫ್ಯಾನಿನ ಗುಂಡಿಯನ್ನೇ ಕಿತ್ತು ತನ್ನ ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡಳು.

"ಗಾಳಿ ಬೇಕಂದ್ರ ನನ್ನ ಕೇಳು," ಎಂದಳು. "ಇರಲಾರದವ ಇರುವಿ ಬಿಟ್ಕೊಂಡ ಅಂತಾರಲ್ಲ, ನಮ್ಮ ಮನಿಯಾಗ ಆ ಇರುವಿ ಗೂಡೇ ಐತಿ."

ಹೊನ್ನೂರಪ್ಪ ನಕ್ಕುಬಿಟ್ಟ. ಹೆಂಡತಿ ಬೈದರೆ ಅವನಿಗೆ ಸಿಟ್ಟು ಬರುವುದಿಲ್ಲ. ಅವನಿಗೆ ಸಿಟ್ಟು ಬರುವುದು ಗಿರಣಿಯಲ್ಲಿ ಯಾರಾದರೂ ಅವನ ತಿರುಪಿನ ಮೇಲೆ ಕೈಯಿಟ್ಟರೆ ಮಾತ್ರ.

ಅವನು ದೇಶನೂರಿನವನು. ಹದಿನಾರನೇ ವಯಸ್ಸಿಗೆ ಭತ್ತದ ಚೀಲ ಹೊತ್ತವನು ಇಪ್ಪತ್ತೆರಡು ವರ್ಷ ಹೊತ್ತ. ಯಾವ ಚೀಲ ಅರ್ಧ ಕಿಲೋ ಕಡಿಮೆ ಎಂದು ಹೆಗಲ ಮೇಲೆ ಇಟ್ಟುಕೊಂಡೇ ಹೇಳುತ್ತಿದ್ದ. ಅದನ್ನು ನೋಡಿದ್ದ ಸಾಹುಕಾರರು, ಗಿರಣಿಗೆ ಅಕ್ಕಿ ತುಂಬುವ ಯಂತ್ರ ಬಂದಾಗ, ಓದಿದವರನ್ನು ಬಿಟ್ಟು ಇವನನ್ನೇ ಅದರ ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. ಹೊರುವವನು ಕೂರುವವನಾದ ಆ ದಿನ ಸುಂಕಮ್ಮ ಹೋಳಿಗೆ ಮಾಡಿದ್ದಳು. ಅದಕ್ಕೀಗ ಹದಿನೆಂಟು ವರ್ಷ.

ಯಂತ್ರವೇನೂ ಭಾರಿಯದಲ್ಲ. ಮೇಲೊಂದು ಅಕ್ಕಿಯ ತೊಟ್ಟಿ. ಕೆಳಗೊಂದು ತೂಗುವ ತೋಳು. ಖಾಲಿ ಚೀಲವನ್ನು ಅದಕ್ಕೆ ಸಿಕ್ಕಿಸಬೇಕು. ತೋಳಿನ ಮೇಲೆ ಇಪ್ಪತ್ತೈದು ಕಿಲೋ ಭಾರ ಬಿದ್ದೊಡನೆ ತೊಟ್ಟಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಹಿತ್ತಾಳೆಯ ತಿರುಪು. ಬಲಕ್ಕೆ ತಿರುವಿದರೆ ಅಕ್ಕಿ ತುಸು ಹೆಚ್ಚು ಬೀಳುತ್ತದೆ, ಎಡಕ್ಕೆ ತಿರುವಿದರೆ ತುಸು ಕಡಿಮೆ. ತುಂಬಿದ ಚೀಲವನ್ನು ಹೊನ್ನೂರಪ್ಪ ಪಕ್ಕದ ತೂಕದ ಕಾಟಾದ ಮೇಲಿಟ್ಟು ನೋಡುತ್ತಾನೆ. ಐವತ್ತು ಗ್ರಾಂ ಕಡಿಮೆಯೇ? ಬಲಕ್ಕೊಂದು ತಿರುವು. ಮುಂದಿನದು ಎಂಬತ್ತು ಗ್ರಾಂ ಹೆಚ್ಚೇ? ಎಡಕ್ಕೊಂದು. ಚೀಲಕ್ಕೊಂದು ತಿರುವಿನಂತೆ ದಿನಕ್ಕೆ ಆರುನೂರು ತಿರುವು. ಇಷ್ಟು ನಿಗಾ ವಹಿಸುವ ಮನುಷ್ಯ ಜಿಲ್ಲೆಯಲ್ಲೇ ಇಲ್ಲವೆಂದು ಅವನ ನಂಬಿಕೆ.

ಆದರೂ ತೂಕ ಕೈಗೆ ಸಿಗುತ್ತಿರಲಿಲ್ಲ. ಬಳ್ಳಾರಿಯ ಸಗಟು ವ್ಯಾಪಾರಿ ದೊಡ್ಡಬಸವರಾಜ ಬಂದ ಚೀಲಗಳನ್ನು ತನ್ನ ಅಂಗಡಿಯಲ್ಲಿ ಇನ್ನೊಮ್ಮೆ ತೂಗುವ ಆಸಾಮಿ. ಒಂದು ಬೆಳಿಗ್ಗೆ ಅವನು ಫೋನು ಮಾಡಿ ಸಾಹುಕಾರರ ಕಿವಿ ಕೆಂಪಾಗಿಸಿದ.

"ಒಂದು ಚೀಲ ನೂರಿಪ್ಪತ್ತು ಗ್ರಾಂ ಕಡಿಮಿ, ಇನ್ನೊಂದು ನೂರಿಪ್ಪತ್ತು ಹೆಚ್ಚು. ಅಕ್ಕಿ ತುಂಬತೀರೋ, ಲಾಟರಿ ಆಡ್ತೀರೋ? ಮುಂದಿನ ಲೋಡಿನಾಗ ಒಂದೇ ಒಂದು ಚೀಲ ನೂರು ಗ್ರಾಮಿನ ಮ್ಯಾಲೆ ಕಡಿಮಿ ಬರ್ಲಿ, ಲಾರಿ ಇಳಸಾಂಗಿಲ್ಲ, ಹಂಗ ವಾಪಸ್ ಕಳಸ್ತೀನಿ."

ಸಾಹುಕಾರರು ಹೊನ್ನೂರಪ್ಪನನ್ನು ಕರೆಸಿದರು.

"ಹೊನ್ನೂರ, ಮುಂದಿನ ಲೋಡೇ ಕಡೇದು ನೋಡು. ಅದು ವಾಪಸ್ ಬಂತಂದ್ರ ಕೊಯಮತ್ತೂರಿನಿಂದ ಹೊಸ ಮಿಷನ್ ತರಸ್ತೀನಿ. ಅದರ ಕೂಡ ಅವರ ಮನುಷ್ಯಾನೂ ಬರ್ತಾನ. ನೀನು ಗೇಟಿನಾಗ ಕುಂದ್ರು. ಪಗಾರ ಕಮ್ಮಿ ಮಾಡಾಂಗಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಗೇಟಿನಲ್ಲಿ ಬೇವಿನ ನೆರಳಿದೆ, ಕುರ್ಚಿಯಿದೆ, ಕೆಲಸವಿಲ್ಲ. ಆದರೆ ಹೊನ್ನೂರಪ್ಪನಿಗೆ ಆ ಮಾತು ಎದೆಗೆ ಒದ್ದಂತಾಯಿತು. ಇಪ್ಪತ್ತೆರಡು ವರ್ಷ ಹೊತ್ತು ಸಂಪಾದಿಸಿದ ಜಾಗ ಆ ಸ್ಟೂಲು. ಅದನ್ನು ಬಿಟ್ಟು ಗೇಟಿನಲ್ಲಿ ಕೂತು ಹೋಗುವ ಬರುವ ಲಾರಿಗಳನ್ನು ಎಣಿಸುವುದೆಂದರೆ, ತಾನು ಮುಗಿದೆ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ. ಅವನು ನೇರ ಹೋಗಿ ಯಂತ್ರದ ಮುಂದೆ ಕೂತ, ಮತ್ತು ಅವತ್ತಿನಿಂದ ಚೀಲಕ್ಕೆ ಎರಡೆರಡು ತಿರುವು ಕೊಡತೊಡಗಿದ.

ಇದನ್ನೆಲ್ಲ ನೋಡುತ್ತಿದ್ದವಳು ಸಾಹುಕಾರರ ಮಗಳು ಅರುಣಾ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದಿ, ಎರಡು ವರ್ಷ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿದ್ದು, ಈಗ ಅಪ್ಪನ ಜೊತೆ ಗಿರಣಿ ನೋಡಿಕೊಳ್ಳಲು ಬಂದಿದ್ದಳು. ಅವಳು ಒಂದು ದೊಡ್ಡ ಗ್ರಾಫ್ ಹಾಳೆಯನ್ನು ಗೋಡೆಗೆ ಅಂಟಿಸಿ, ನಡುವೆ ಅಡ್ಡಲಾಗಿ ಒಂದು ಗೆರೆ ಎಳೆದಳು. ಅದು ಇಪ್ಪತ್ತೈದು ಕಿಲೋದ ಗೆರೆ. ಕಾಲು ತಾಸಿಗೊಮ್ಮೆ ಒಂದು ಚೀಲ ತೂಗಿ, ತೂಕ ಹೆಚ್ಚಿದ್ದರೆ ಗೆರೆಯ ಮೇಲೆ, ಕಡಿಮೆಯಿದ್ದರೆ ಗೆರೆಯ ಕೆಳಗೆ ಒಂದು ಚುಕ್ಕಿ ಇಡುತ್ತ ಹೋದಳು. ಮೂರು ದಿನದಲ್ಲಿ ಹಾಳೆಯ ಮೇಲೆ ಚುಕ್ಕಿಗಳು ಮಿಡತೆಗಳಂತೆ ಕುಪ್ಪಳಿಸಿದ್ದವು.

"ನೋಡಿದ್ರೇನ್ ಅರುಣಮ್ಮಾ," ಎಂದ ಹೊನ್ನೂರಪ್ಪ. "ಮಿಷನ್ ಎಷ್ಟು ಮೊಂಡ ಐತಿ ನೋಡ್ರಿ. ನಾ ಇಷ್ಟು ತಿರುವಿದ್ರೂ ಹಿಂಗ ಹಾರ್ತೈತಿ. ನಾ ಬಿಟ್ಟೆ ಅಂದ್ರ ಹಾಳೀನ ದಾಟಿ ಗ್ವಾಡಿಗೆ ಹೋಗ್ತಾವು ಚುಕ್ಕಿ."

ಅರುಣಾಳಿಗೆ ಒಂದು ಅನುಮಾನವಿತ್ತು. ಆದರೆ ಹದಿನೆಂಟು ವರ್ಷದ ಕೈಯನ್ನು ತೆಗೆಯಿರಿ ಎಂದು ಹೇಳುವುದು ಹೇಗೆಂದು ತಿಳಿಯದೆ ಮುಂದಿನ ಚುಕ್ಕಿ ಇಟ್ಟಳು.

ನಾಲ್ಕನೇ ದಿನ ಗುರುವಾರ. ಸುಂಕಮ್ಮನ ತಮ್ಮನ ಮಗಳ ಮದುವೆ ಕುರುಗೋಡಿನಲ್ಲಿ. ಹೋಗದೆ ಇದ್ದರೆ ಸುಂಕಮ್ಮ ಜನ್ಮವಿಡೀ ಬಿಡುವುದಿಲ್ಲ. ಹೊನ್ನೂರಪ್ಪ ತನ್ನ ಜಾಗದಲ್ಲಿ ಮಾರೆಣ್ಣನನ್ನು ಕೂರಿಸಿದ. ಮಾರೆಣ್ಣ ಗಿರಣಿಯ ಹಮಾಲಿಗಳಲ್ಲೇ ಸೋಮಾರಿ. ನಿಂತಲ್ಲೇ ನಿದ್ದೆ ಮಾಡುವ ವಿದ್ಯೆ ಬಲ್ಲವನು. ಆದರೆ ಅವತ್ತು ಬಿಡುವಿದ್ದವನು ಅವನೊಬ್ಬನೇ.

"ಲೇ, ಕಿವಿ ಕೊಟ್ಟು ಕೇಳು. ಕಡಿಮಿ ಬಂದ್ರ ಬಲಕ್ಕ, ಹೆಚ್ಚು ಬಂದ್ರ ಎಡಕ್ಕ. ಪ್ರತಿ ಚೀಲಕ್ಕೂ ತಿರುವಬೇಕು. ಕಣ್ಣು ಮುಚ್ಚಿದಿ ಅಂದ್ರ ನಾ ಬಂದು ನಿನ್ನ ಆ ತೊಟ್ಟಿಯಾಗ ಹಾಕ್ತೀನಿ."

"ಹೋಗಣ್ಣ, ನಾ ಅದೀನಿ," ಎಂದು ಮಾರೆಣ್ಣ ಆಕಳಿಸಿದ.

ಕುರುಗೋಡಿನ ಮದುವೆಯಲ್ಲಿ ಹೊನ್ನೂರಪ್ಪನ ದೇಹ ಮಾತ್ರ ಇತ್ತು. ಕೈಗಳು ಅಲ್ಲೂ ಸುಮ್ಮನಿರಲಿಲ್ಲ. ಶಾಮಿಯಾನದ ಹಗ್ಗ ಬಿಗಿದ, ಸಡಿಲಿಸಿದ. ಧಾರೆಯ ಹೊತ್ತಿಗೆ ಮಂತ್ರ ಸರಿಯಾಗಿ ಕೇಳುತ್ತಿಲ್ಲವೆಂದು ಮೈಕಿನ ಗುಂಡಿ ತಿರುವಿದ. ಅದು ಕಿರ್ರೆಂದು ಚೀರಿ, ಮದುಮಗ ಬೆಚ್ಚಿಬಿದ್ದು ತಾಳಿಯನ್ನು ಮಡಿಲಿಗೆ ಬೀಳಿಸಿಕೊಂಡ. ಹೆಣ್ಣುಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಸುಂಕಮ್ಮ ಗಂಡನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಊಟದ ಪಂಕ್ತಿಯಲ್ಲಿ ಕೂರಿಸಿದಳು. ಎಲೆಯ ಮುಂದೆ ಕೂತೇ ಅವನು ಮಾರೆಣ್ಣನಿಗೆ ಮೂರು ಸಲ ಫೋನು ಮಾಡಿದ. ಮೂರು ಸಲವೂ ಒಂದೇ ಉತ್ತರ: "ಎಲ್ಲಾ ಬರೋಬ್ಬರಿ ಐತಣ್ಣ."

ಶುಕ್ರವಾರ ಬೆಳಿಗ್ಗೆ ಬಂದವನೇ ಹೊನ್ನೂರಪ್ಪ ನೇರ ಗೋಡೆಯ ಹಾಳೆಯ ಮುಂದೆ ನಿಂತ. ಸೋಮವಾರ, ಮಂಗಳವಾರ, ಬುಧವಾರದ ಚುಕ್ಕಿಗಳು ಹಾರಾಡುತ್ತಿದ್ದವು. ಗುರುವಾರದವು ನಡುಗೆರೆಯ ಆಚೆ ಈಚೆ ಒತ್ತೊತ್ತಾಗಿ ಕೂತಿದ್ದವು. ಒಂದಾದರೂ ನೂರು ಗ್ರಾಮಿನ ಹತ್ತಿರ ಹೋಗಿರಲಿಲ್ಲ. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಆಮೇಲೆ ಹೋಗಿ ಮಾರೆಣ್ಣನ ಅಂಗಿ ಹಿಡಿದ.

"ಖರೇ ಹೇಳಲೇ. ಎಷ್ಟು ತಿರುವಿದಿ? ಹೆಂಗ ತಿರುವಿದಿ?"

ಮಾರೆಣ್ಣ ಗಾಬರಿಯಾದ. "ತಪ್ಪಾತಣ್ಣ. ಬೈಬ್ಯಾಡ. ಕಡಿಮಿಗೆ ಎಡಕೋ ಬಲಕೋ, ನೀ ಗೇಟು ದಾಟೂದ್ರಾಗ ಮರ್ತೋತು. ತಪ್ಪು ತಿರುವಿ ಬೈಸ್ಕೊಳ್ಳೂದು ಯಾಕಂತ ಮುಂಜಾನಿಂದ ಸಂಜೀತನಕ ಕೈನೇ ಹಚ್ಚಿಲ್ಲ."

ಹಮಾಲಿಗಳೆಲ್ಲ ಹೋ ಎಂದು ನಕ್ಕರು. ಅರುಣಾ ನಗಲಿಲ್ಲ. ಅವಳು ಹೊನ್ನೂರಪ್ಪನನ್ನು ಕರೆದು ಚಾ ಕೊಟ್ಟು ಎದುರು ಕೂರಿಸಿಕೊಂಡಳು.

"ಈ ಮಿಷನ್ನಿಗೆ ತನ್ನದಂತ ಒಂದು ಸಣ್ಣ ನಡುಕ ಐತಿ, ಹೊನ್ನೂರಣ್ಣ. ಒಮ್ಮೆ ಒಂದು ಹಿಡಿ ಅಕ್ಕಿ ಹೆಚ್ಚು ಬೀಳ್ತೈತಿ, ಒಮ್ಮೆ ಒಂದು ಹಿಡಿ ಕಡಿಮಿ. ಅದು ಯಾರ ತಪ್ಪೂ ಅಲ್ಲ. ನೀವು ಕಡಿಮಿ ಬಿದ್ದಿದ್ದು ನೋಡಿ ತಿರುಪು ಏರಸ್ತೀರಿ. ಮುಂದಿನ ಚೀಲ ತಾನಾಗೇ ಹೆಚ್ಚು ಬೀಳೂದಿದ್ರ, ಅದರ ಮ್ಯಾಲೆ ನಿಮ್ಮದೂ ಕೂಡತೈತಿ. ಮಿಷನ್ನಿನ ನಡುಕಕ್ಕ ನಿಮ್ಮ ಕೈ ನಡುಕ ಸೇರಿ ಅಷ್ಟು ಹಾರ್ತಾವು ಚುಕ್ಕಿ."

ಆಮೇಲೆ ಅವಳು ಗುರುವಾರದ ಚುಕ್ಕಿಗಳಿಂದಲೇ ಲೆಕ್ಕ ಹಾಕಿ ಎರಡು ಕೆಂಪು ಗೆರೆ ಎಳೆದಳು. ಒಂದು ನಡುಗೆರೆಗಿಂತ ಎಂಬತ್ತು ಗ್ರಾಂ ಮೇಲೆ, ಇನ್ನೊಂದು ಎಂಬತ್ತು ಗ್ರಾಂ ಕೆಳಗೆ. "ಚುಕ್ಕಿ ಈ ಎರಡರ ಒಳಗಿರೋತನಕ ಅದು ಮಿಷನ್ನಿನ ಸ್ವಭಾವ. ಮುಟ್ಟಬ್ಯಾಡ್ರಿ. ಕೆಂಪು ಗೆರಿ ದಾಟ್ತಂದ್ರ ಮಾತ್ರ ಹೊರಗಿಂದ ಏನೋ ಬಂದು ಸೇರೈತಿ ಅಂತ ಅರ್ಥ. ಆವಾಗ ತಿರುವೂದಲ್ಲ, ಹುಡುಕೂದು."

ಹೊನ್ನೂರಪ್ಪನಿಗೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು. ಅವತ್ತು ಬುತ್ತಿ ಬಿಚ್ಚದೆ ಹಾಗೇ ಮನೆಗೆ ತಂದ. ಸುಂಕಮ್ಮ ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದ, ಮತ್ತು ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು.

"ಮಕ್ಕೊಂಡ ಮಾರೆಣ್ಣ ನನಕಿಂತ ಚಲೋ ತುಂಬಿದ್ನಲ್ಲಲೇ ಸುಂಕಿ. ಹದಿನೆಂಟು ವರ್ಷ ನಾ ಏನು ಮಾಡಿದಂಗಾತು? ತಿರುಪೇ ಮುಟ್ಟಬಾರ್ದಂದ್ರ ಅಲ್ಲಿ ಹೊನ್ನೂರಪ್ಪ ಯಾಕ ಬೇಕು?"

ಸುಂಕಮ್ಮನಿಗೆ ಗಂಡನನ್ನು ಹಾಗೆ ನೋಡಿ ಗೊತ್ತಿರಲಿಲ್ಲ. ಬುತ್ತಿಯ ರೊಟ್ಟಿಯನ್ನು ಮುರಿದು ಅವನ ಕೈಗೆ ಕೊಟ್ಟಳು.

"ಗೇಟಿಗೆ ಹೋಗೂದಂತೂ ಹೆಂಗೂ ಐತಿ. ಅದಕ್ಕಿಂತ ಮದ್ಲು ಒಂದು ದಿನ ಆ ಹುಡುಗಿ ಹೇಳ್ದಂಗ ಸುಮ್ನ ಕುಂತು ನೋಡು. ಕೈ ತಡಿಲಿಲ್ಲ ಅಂದ್ರ ನಾ ಒಂದು ಕೆಲಸ ಕೊಡ್ತೀನಿ."

ದೊಡ್ಡಬಸವರಾಜನ ಲೋಡು ತುಂಬಬೇಕಾಗಿದ್ದುದು ಸೋಮವಾರ. ಅವತ್ತು ಹೊನ್ನೂರಪ್ಪ ಯಂತ್ರದ ಮುಂದೆ ಒಂದು ಹಿಡಿ ಹತ್ತಿಯ ಜೊತೆ ಕೂತ. ಸುಂಕಮ್ಮ ದೇವರ ದೀಪಕ್ಕೆ ಬತ್ತಿ ಹೊಸೆದು ತಾ ಎಂದು ಕೊಟ್ಟಿದ್ದಳು. ಚೀಲಗಟ್ಟಲೆ ಭತ್ತ ಎತ್ತಿದ ಆ ದಪ್ಪ ಬೆರಳುಗಳು ನೂಲಿನಂಥ ಬತ್ತಿ ಹೊಸೆಯುವುದನ್ನು ನೋಡಲು ಹಮಾಲಿಗಳು ಸುತ್ತು ಹಾಕಿಕೊಂಡು ಬಂದರು. "ಅಣ್ಣ, ಗೌರಿ ಹಬ್ಬ ಮುಂದಕ ಐತಿ," ಎಂದು ಒಬ್ಬ ಕೆಣಕಿದ. ಹೊನ್ನೂರಪ್ಪ ಪಕ್ಕನೆ ನಕ್ಕು, ಕಣ್ಣನ್ನು ಮಾತ್ರ ಕಾಟಾದ ಮೇಲಿಟ್ಟಿದ್ದ.

ಮೊದಲ ಚೀಲ ಅರವತ್ತು ಗ್ರಾಂ ಕಡಿಮೆ ಬಂತು. ಅವನ ಬಲಗೈ ತಾನಾಗಿಯೇ ಎದ್ದಿತು. ಎಡಗೈ ಅದನ್ನು ಹಿಡಿದು ಕೆಳಗಿಳಿಸಿತು. ಮುಂದಿನದು ಮೂವತ್ತು ಹೆಚ್ಚು. ಅದರ ಮುಂದಿನದು ಹತ್ತು ಕಡಿಮೆ. ತಿರುಪಿಗೆ ಯಾರೂ ಏನೂ ಹೇಳದೆಯೇ ಅಕ್ಕಿ ತನ್ನ ಪಾಡಿಗೆ ತಾನು ದಾರಿಗೆ ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅವನ ಮೈ ಬೆವರಿತ್ತು. ಹನ್ನೆರಡಕ್ಕೆ ಉಸಿರು ಹಗುರವಾಗಿತ್ತು, ಅರುಣಾಳ ಕಾಲು ತಾಸಿನ ತೂಕವೇ ಸಾಕೆಂದು ಪ್ರತಿ ಚೀಲ ತೂಗುವುದನ್ನೂ ಬಿಟ್ಟಿದ್ದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನಿಗೆ ಅಕ್ಕಿ ಬೀಳುವ ಸದ್ದು ಪೂರ್ತಿ ಕೇಳಿಸಿತು. ತೊಟ್ಟಿ ತುಂಬಿದ್ದಾಗ ಒಂದು ದನಿ, ಇಳಿದಾಗ ಇನ್ನೊಂದು. ಗೋಡೆಯ ಮೇಲೆ ಚುಕ್ಕಿಗಳು ಕಾಲುವೆ ಏರಿಯ ಮೇಲೆ ಕೂತ ಕೊಕ್ಕರೆಗಳ ಹಾಗೆ ಎರಡು ಕೆಂಪು ಗೆರೆಗಳ ನಡುವೆ ಸಾಲಾಗಿ ಕೂತಿದ್ದವು. ಅವನಿಗೆ ಖುಷಿಯಾಯಿತು, ಮತ್ತು ಖುಷಿಯಾದದ್ದಕ್ಕೆ ಕೊಂಚ ನಾಚಿಕೆಯೂ ಆಯಿತು.

ಸಾಹುಕಾರರು ಊಟ ಮುಗಿಸಿ ಒಂದೂವರೆಗೆ ಬಂದು ಹಾಳೆ ನೋಡಿದರು. ಒಂದೂ ಚುಕ್ಕಿ ಆಚೆ ಇಲ್ಲ! ಅವರ ಹಿಗ್ಗು ಹೇಳತೀರದು. ಇಷ್ಟು ಚಂದದ ಕೆಲಸಕ್ಕೆ ಯಾರ ಕಣ್ಣಾದರೂ ಬಿದ್ದೀತೆಂದು ಹೆದರಿಕೆಯೂ ಆಯಿತು. ಕೂಡಲೇ ಬಜಾರಿನಿಂದ ನಿಂಬೆಹಣ್ಣು, ಹಸಿಮೆಣಸಿನಕಾಯಿ ತರಿಸಿ, ಸರ ಮಾಡಿಸಿ, ಎರಡು ಗಂಟೆಗೆ ಸ್ವತಃ ತಮ್ಮ ಕೈಯಿಂದಲೇ ಯಂತ್ರಕ್ಕೆ ಕಟ್ಟಿದರು. ಹೊನ್ನೂರಪ್ಪನೂ ಅದಕ್ಕೆ ಕೈ ಮುಗಿದ. ಹೊಸ ಲಾರಿಗೂ ಕಟ್ಟುತ್ತಾರೆ, ಹೊಸ ಮನೆಗೂ ಕಟ್ಟುತ್ತಾರೆ. ಯಾರಿಗೂ ಏನೂ ಅನ್ನಿಸಲಿಲ್ಲ.

ಎರಡೂಕಾಲಿಗೆ ಅರುಣಾ ಚೀಲ ತೂಗಿದಳು. ನೂರಾ ಎಪ್ಪತ್ತು ಗ್ರಾಂ ಕಡಿಮೆ. ಇನ್ನೊಂದು ತೂಗಿದಳು. ಅದು ನೂರೈವತ್ತು ಕಡಿಮೆ. ಅವಳು ಇಟ್ಟ ಚುಕ್ಕಿ ಕೆಳಗಿನ ಕೆಂಪು ಗೆರೆಯನ್ನು ದಾಟಿ ಎಷ್ಟೋ ಕೆಳಗೆ ಬಿದ್ದಿತು. ಗಿರಣಿಯಲ್ಲಿ ನಗು ನಿಂತುಹೋಯಿತು.

"ಅಯ್ಯೋ, ತಿರುವಲೇ! ಬಲಕ್ಕ ತಿರುವು!" ಎಂದು ಕೂಗುತ್ತ ಸಾಹುಕಾರರೇ ತಿರುಪಿಗೆ ಕೈ ಹಾಕಲು ಬಂದರು.

ಹೊನ್ನೂರಪ್ಪ ಎದ್ದು ಅವರ ಕೈ ಹಿಡಿದ. ನಲವತ್ತು ವರ್ಷದಲ್ಲಿ ಅವನು ಸಾಹುಕಾರರ ಕೈ ಮುಟ್ಟಿದ್ದು ಅದೇ ಮೊದಲು.

"ಮುಟ್ಟಬ್ಯಾಡ್ರಿ ಸಾವ್ಕಾರ್ರೇ. ಇದು ಮಿಷನ್ನಿನ ನಡುಕ ಅಲ್ಲ. ಏನೋ ಬಂದು ಸೇರೈತಿ. ಹುಡುಕಬೇಕು."

ಅವನು ಯಂತ್ರ ನಿಲ್ಲಿಸಿದ. ಏಣಿ ಹತ್ತಿ ತೊಟ್ಟಿ ನೋಡಿದ, ಅಕ್ಕಿ ಸರಿಯಾಗಿತ್ತು. ಕೆಳಗಿಳಿದು ಬಾಯಿ ಮುಚ್ಚುವ ತಗಡನ್ನು ಬೆರಳಿನಿಂದ ತಟ್ಟಿದ, ಸರಾಗವಾಗಿ ಆಡಿತು. ಆಮೇಲೆ ಕಣ್ಣು ಮುಚ್ಚಿ ತೂಗುವ ತೋಳಿನ ಉದ್ದಕ್ಕೂ ಅಂಗೈ ಸವರುತ್ತ ಬಂದ. ಅಂಗೈಗೆ ತಣ್ಣನೆಯ ನಿಂಬೆಹಣ್ಣು ತಾಗಿತು. ಕಣ್ಣು ತೆರೆದು, ಸಾಹುಕಾರರ ಮುಖವನ್ನೊಮ್ಮೆ, ಸರವನ್ನೊಮ್ಮೆ ನೋಡಿದ. ದಾರ ಬಿಚ್ಚಿ, ಸರವನ್ನು ಕಾಟಾದ ಮೇಲಿಟ್ಟ. ಮೂರು ನಿಂಬೆಹಣ್ಣು, ಏಳು ಮೆಣಸಿನಕಾಯಿ, ನೂರಾ ಅರವತ್ತು ಗ್ರಾಂ.

"ತೋಳಿಗೆ ಕಟ್ಟಿಬಿಟ್ಟೀರಿ," ಎಂದ ಮೆಲ್ಲಗೆ. "ಇದರ ಭಾರಾನೂ ಅಕ್ಕಿ ಅಂತ ತಿಳಕೊಂಡೈತಿ ಮಿಷನ್ನು."

ಮೊದಲು ನಕ್ಕವರು ಸಾಹುಕಾರರೇ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಇಡೀ ಗಿರಣಿ ನಕ್ಕಿತು. ಹೊನ್ನೂರಪ್ಪ ಮಾತ್ರ ಸರವನ್ನು ಭಕ್ತಿಯಿಂದ ಬಾಗಿಲ ಚೌಕಟ್ಟಿಗೆ ಕಟ್ಟಿ, ಕೈ ಮುಗಿದು ಬಂದ. ಎರಡು ಗಂಟೆಯಿಂದ ಈಚೆ ತುಂಬಿದ್ದು ಹದಿನೈದು ಚೀಲ. ಅಷ್ಟನ್ನೂ ಹಿಂದಕ್ಕೆ ತರಿಸಿ, ಬಾಯಿ ಬಿಚ್ಚಿ, ಕಡಿಮೆಯಾದ ಅಕ್ಕಿ ಸುರಿದು, ಮತ್ತೆ ಹೊಲಿಸಿದರು. ಮುಂದಿನ ಚುಕ್ಕಿ ಗೆರೆಗಳ ಒಳಗೆ ಬಂದು ಕೂತಿತು. ತಿರುಪು ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು.

"ಮಕ್ಕೊಂಡವರು ಯಾರಾದ್ರೂ ಇಲ್ಲಿದ್ದಿದ್ರ ಸಂಜೀತನಕ ಕಡಿಮಿ ಚೀಲಾನ ಲಾರಿ ಹತ್ತತಿದ್ವು, ಹೊನ್ನೂರಣ್ಣ," ಎಂದಳು ಅರುಣಾ. "ಗೆರಿ ದಾಟಿದ್ದು ಹಾಳಿ ತೋರಸ್ತೈತಿ. ಯಾಕ ದಾಟ್ತು ಅಂತ ನೀವೇ ಹೇಳಬೇಕು."

ಹೊನ್ನೂರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರಿಗೆಂದು ನೋಡಿದವರು ಅಂದುಕೊಂಡರು. ಮೂರು ದಿನದಿಂದ ಎದೆಯೊಳಗಿದ್ದ ಕಲ್ಲು ಆಗ ಇಳಿಯಿತು.

ಲಾರಿ ಮಂಗಳವಾರ ಹೋಯಿತು. ಬುಧವಾರ ಬೆಳಿಗ್ಗೆ ದೊಡ್ಡಬಸವರಾಜನ ಫೋನು ಬಂತು. ಸಾಹುಕಾರರು ಯಂತ್ರದ ಹತ್ತಿರವೇ ನಿಂತಿದ್ದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದರು.

"ಅರವತ್ತು ಚೀಲ ತೂಗಿಸೀನ್ರಿ," ಎಂದಿತು ಬಳ್ಳಾರಿಯ ದನಿ. "ಒಂದೂ ತಪ್ಪಿಲ್ಲ. ಹೊಸ ಮಿಷನ್ ಯಾವಾಗ ತಂದ್ರಿ? ಆ ತಿರುಪಿನ ಹೊನ್ನೂರಪ್ಪನ್ನ ಬಿಡಿಸಿದ್ರೇನು?"

ಸಾಹುಕಾರರು ಸ್ಟೂಲಿನ ಕಡೆ ನೋಡಿದರು. ಹೊನ್ನೂರಪ್ಪ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಮಿಷನ್ ಹಳೇದೇರಿ," ಎಂದರು ಅವರು. "ಹೊನ್ನೂರಪ್ಪನೂ ಹಳಬಾನ. ಅವನ ಕೈಗೆ ಅಷ್ಟ ರಜಾ ಕೊಟ್ಟೀವಿ. ಅವನು ಇಲ್ಲೇ ಅದಾನ, ಇಲ್ಲೇ ಇರ್ತಾನ."

ಹಮಾಲಿಗಳು ಚಪ್ಪಾಳೆ ಹೊಡೆದರು. ಹೊನ್ನೂರಪ್ಪ ಯಾರ ಮುಖವನ್ನೂ ನೋಡದೆ ಎದ್ದು, ಕಾಲು ತಾಸಾಯಿತೆಂದು ಒಂದು ಚೀಲ ಎತ್ತಿ ಕಾಟಾದ ಮೇಲಿಟ್ಟ. ಇಪ್ಪತ್ತು ಗ್ರಾಂ ಕಡಿಮೆಯಿತ್ತು. "ಇರ್ಲಿ ಬಿಡು," ಎಂದು ಅದರ ಬೆನ್ನು ತಟ್ಟಿದ.